ಬಡಿಸಿದವರು ಹೇಳಬಾರದ ಗಾದೆ

ಟರ್ಕಿ ಸೀರಿಯಲ್ಲುಗಳ ಹುಚ್ಚು ನಮ್ಮ ಐಟಿ ಆಫೀಸುಗಳಿಗೂ ಬಂದು ಬಹಳ ಕಾಲವಾಯ್ತು. ಸುಲ್ತಾನ್ ಸುಲೇಮಾನ್ ಮತ್ತವನ ಹುರ್ರೆಮ್ ಕಥೆಯನ್ನು ಸಬ್‌ಟೈಟಲ್ ಹಾಕಿಕೊಂಡು ರಾತ್ರಿ ಎರಡರವರೆಗೆ ನೋಡಿ, ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಆಕಳಿಸುವವರು ನಿಮ್ಮ ಟೀಮಿನಲ್ಲೂ ಒಬ್ಬರಾದರೂ ಇರ್ತಾರೆ. ಆ ಸೀರಿಯಲ್ಲುಗಳಲ್ಲಿ ಜನಾನಾ ಅಂದರೆ ರೇಷ್ಮೆ ಪರದೆ, ಪಿಸುಮಾತು, ಪಿತೂರಿ, ಯಾರೋ ಯಾರಿಗೋ ಹಾಕುವ ವಿಷ. ನೋಡೋಕೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಹುರ್ರೆಮ್ 16ನೇ ಶತಮಾನದವಳು. ಅವಳು ಸತ್ತ ಮೇಲೂ ಆ ಜನಾನಾ ಸುಮಾರು ಮುನ್ನೂರೈವತ್ತು ವರ್ಷ ನಡೆಯಿತು. ಅದರ ಕೊನೆ ಹೇಗಿತ್ತು ಅನ್ನುವುದನ್ನು ಯಾರೂ ಅಷ್ಟಾಗಿ ತೋರಿಸುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಆ ಕೊನೆ.

ಆ ಕೊನೆಗಾಲದ ಒಬ್ಬಾಕೆಯ ಹೆಸರು ಮುಶ್ಫಿಕಾ. ಸುಲ್ತಾನ್ ಎರಡನೇ ಅಬ್ದುಲ್ ಹಮೀದನ ಪತ್ನಿಯರಲ್ಲಿ ಒಬ್ಬಳು. ಅಬ್ಖಾಜ್ ಮನೆತನವೊಂದರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅರಮನೆ ಸೇರಿ, ಸಾಮ್ರಾಜ್ಯದ ಒಡೆಯನ ಕೈಹಿಡಿದು, ಅವನ ಜೊತೆಗೇ ಸೆರೆವಾಸ ಕಂಡು, ವಿಧವೆಯಾಗಿ, ಮಗಳನ್ನು ಪರದೇಶಕ್ಕೆ ಕಳಿಸಿಕೊಟ್ಟು, ಕೊನೆಗೆ ಒಂದು ಗಣರಾಜ್ಯದ ಸಾಮಾನ್ಯ ಪ್ರಜೆಯಾಗಿ ಇಸ್ತಾಂಬುಲಿನಲ್ಲಿ ತೀರಿಕೊಂಡಳು. ಯಾವಾಗ ಗೊತ್ತಾ? 1961ರಲ್ಲಿ. ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿಬಂದ ವರ್ಷ. ನಾವು ಯಾವುದನ್ನು ಪುರಾಣಕಾಲದ್ದು ಅಂದುಕೊಂಡಿರ್ತೀವೋ ಅದು ನಮ್ಮ ಅಪ್ಪ ಅಮ್ಮಂದಿರು ಹುಟ್ಟುವ ಹೊತ್ತಿಗೂ ಉಸಿರಾಡುತ್ತಿತ್ತು.

ಇವಳ ಬದುಕನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ನಮ್ಮೂರಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿದ್ದ ಗಾದೆ: ಪಾಲಿಗೆ ಬಂದದ್ದು ಪಂಚಾಮೃತ. ಎಷ್ಟು ಸಮಾಧಾನದ ಮಾತು! ಆದರೆ ಅದನ್ನು ಹೇಳುವ ಹಕ್ಕು ಯಾರದು? ಎಲೆಯ ಮುಂದೆ ಕೂತವರದೋ, ಬಡಿಸಿದವರದೋ? ತಾನು ಆರಿಸಿಕೊಳ್ಳದ ಬದುಕಿನೊಳಗೆ ಒಬ್ಬಳು ಪ್ರೀತಿಯನ್ನೂ ನಿಷ್ಠೆಯನ್ನೂ ಕಂಡುಕೊಂಡರೆ, ಆ ಪ್ರೀತಿ ನಿಜವೇ? ನಿಜವಾದರೆ, ಅವಳನ್ನು ಅಲ್ಲಿಗೆ ತಂದು ಕೂರಿಸಿದ ವ್ಯವಸ್ಥೆಗೆ ಅದರಿಂದ ಏನಾದರೂ ಪುಣ್ಯ ಸಲ್ಲುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ನಾವು ಯಾವಾಗಲೂ ಒಂದೇ ಗಂಟು ಕಟ್ಟಿಬಿಡ್ತೀವಿ. ಅದನ್ನು ಬಿಚ್ಚಿ ಬೇರೆ ಬೇರೆ ಇಡಲು ಆಗುತ್ತಾ ಅಂತ ನೋಡೋಣ.

*

ಮೊದಲು ಈ ಹೆಣ್ಣುಮಕ್ಕಳು ಅಲ್ಲಿಗೆ ಬಂದದ್ದು ಹೇಗೆ? ಒಟ್ಟೊಮನ್ ಸುಲ್ತಾನರು ತಮ್ಮ ವಂಶ ಬೆಳೆಸಿದ್ದು ಬಹುಪಾಲು ಗುಲಾಮ ಹೆಣ್ಣುಗಳಿಂದ. ದೊಡ್ಡ ಮನೆತನದ ಹೆಣ್ಣು ತಂದರೆ ಅವಳ ಅಪ್ಪ, ಅಣ್ಣ, ಸೋದರಮಾವ ಎಲ್ಲರೂ ಅಧಿಕಾರದಲ್ಲಿ ಪಾಲು ಕೇಳಿಕೊಂಡು ಬರ್ತಾರೆ. ತವರೇ ಇಲ್ಲದ ಹೆಣ್ಣಾದರೆ ಆ ತಾಪತ್ರಯ ಇಲ್ಲ. 19ನೇ ಶತಮಾನದ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಕಾಕಸಸ್ ಬೆಟ್ಟಸೀಮೆಯವರು: ಸರ್ಕೇಶಿಯನ್ನರು, ಅಬ್ಖಾಜರು, ಜಾರ್ಜಿಯನ್ನರು.

ಇಸ್ತಾಂಬುಲಿನ ಗುಲಾಮರ ಸಂತೆಯನ್ನು 1847ರಲ್ಲಿ ಮುಚ್ಚಿಸಿದರು. 1857ರಲ್ಲಿ ಆಫ್ರಿಕಾದ ಗುಲಾಮರ ವ್ಯಾಪಾರಕ್ಕೆ ನಿಷೇಧ ಬಂತು. ಆದರೆ ಕಾಕಸಸ್ ಹುಡುಗಿಯರ ವ್ಯವಹಾರ ಸಂತೆ ಬಯಲಿಂದ ಮನೆಗಳ ಒಳಗೆ ಸರಿಯಿತೇ ಹೊರತು ನಿಲ್ಲಲಿಲ್ಲ. 1864ರಲ್ಲಿ ರಷ್ಯಾ ಆ ಸೀಮೆಯನ್ನು ಗೆದ್ದು ಲಕ್ಷಾಂತರ ಸರ್ಕೇಶಿಯನ್ನರನ್ನು ಒಟ್ಟೊಮನ್ ನೆಲಕ್ಕೆ ಅಟ್ಟಿತು. ಮನೆ ಮಠ ಕಳೆದುಕೊಂಡು ಬಂದ ಕುಟುಂಬಗಳಿಗೆ ಮಗಳನ್ನು ದೊಡ್ಡವರ ಮನೆಗೆ ಕೊಡುವುದು ಜೀವ ಉಳಿಸಿಕೊಳ್ಳುವ ದಾರಿಗಳಲ್ಲಿ ಒಂದಾಯಿತು. ಹಾಗಂತ ಎಲ್ಲರೂ ದುಡ್ಡಿಗೆ ಬಂದವರಲ್ಲ. ಗೌರವಸ್ಥ ಮನೆತನಗಳೂ ಅರಮನೆಯ ನಂಟಿಗಾಗಿ ಹೆಣ್ಣುಮಕ್ಕಳನ್ನು ಒಪ್ಪಿಸುತ್ತಿದ್ದವು. ಬೆಲೆ ಅಂದರೂ ಸರಿ, ಉಡುಗೊರೆ ಅಂದರೂ ಸರಿ, ಹುಡುಗಿಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಒಳಗೆ ಹೋದ ಮೇಲೆ ಹೊಸ ಹೆಸರು. ಹೆಚ್ಚಿನವು ಕಾವ್ಯದಿಂದ ಎತ್ತಿ ತಂದಂಥ ಹೆಸರುಗಳು. ಅಬ್ದುಲ್ ಹಮೀದನ ಹೆತ್ತತಾಯಿ ತಿರಿಮುಜ್ಗಾನ್, ಅಂದರೆ ಬಾಣದಂಥ ರೆಪ್ಪೆಗಳವಳು. 1852ರಲ್ಲಿ ಅವಳು ತೀರಿಕೊಂಡಾಗ ಅವನಿಗಿನ್ನೂ ಹತ್ತು ವರ್ಷ. ಅವನನ್ನು ಸಾಕಿದವಳು ಪೆರೆಸ್ತು, ಅದೊಂದು ಪುಟ್ಟ ಹಕ್ಕಿಯ ಹೆಸರು. ಮುಶ್ಫಿಕಾ ಅಂದರೆ ಕರುಣೆಯುಳ್ಳವಳು. ಕೇಳೋಕೆ ಇಂಪಾಗಿವೆ. ಆದರೆ ಹೆತ್ತವರು ಕೂಗಿ ಕರೆದ ಹೆಸರನ್ನು ಹೊಸ್ತಿಲಲ್ಲೇ ಬಿಟ್ಟು ಬರಬೇಕು. ಮದುವೆಯ ದಿನ ಹೆಸರು ಬದಲಾದ ಅಜ್ಜಿಯಂದಿರಿದ್ದ ಮನೆಗಳಲ್ಲಿ ಬೆಳೆದವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತೆ.

ಆಮೇಲೆ ತರಬೇತಿ. ಓದು ಬರಹ, ಕುರಾನ್, ಹೊಲಿಗೆ, ಸಂಗೀತ, ನಡೆನುಡಿ. ಹೊಸಬರ ಮೇಲೆ ‘ಕಲ್ಫಾ’ ಅನ್ನುವ ಹಿರಿಯರು. ಸುಲ್ತಾನನ ಕಣ್ಣಿಗೆ ಬಿದ್ದವಳು ‘ಗೊಜ್ದೆ’, ಅವಳಿಗಿಂತ ಮೇಲೆ ‘ಇಕ್ಬಾಲ್’, ಅದಕ್ಕೂ ಮೇಲೆ ‘ಕಾದಿನ್’; ಈ ಕೊನೆಯ ದರ್ಜೆಯವರು ಸಾಮಾನ್ಯವಾಗಿ ನಾಲ್ವರು. ಮಗ ಪಟ್ಟಕ್ಕೆ ಬಂದರೆ ‘ವಾಲಿದೆ ಸುಲ್ತಾನ್’, ಅಂದರೆ ರಾಜಮಾತೆ. ಹೆಣ್ಣೊಬ್ಬಳು ಏರಬಹುದಾದ ತುತ್ತತುದಿ. ನನ್ನಂಥ ಐಟಿಯವನಿಗೆ ಇದನ್ನು ಓದುವಾಗ ನಗು ಬರುತ್ತೆ. ಕ್ಯಾಂಪಸ್ ಬ್ಯಾಚು, ಟ್ರೈನಿಂಗು, ಬ್ಯಾಂಡು, ಪ್ರಮೋಷನ್ನು, ಎಲ್ಲ ಇದೆಯಲ್ಲ!

ಜನಾನಾವನ್ನು ಸಮರ್ಥಿಸುವವರು ಇವತ್ತಿಗೂ ಹೇಳುವುದು ಹೆಚ್ಚುಕಮ್ಮಿ ಇದನ್ನೇ. ಅದೊಂದು ಶಾಲೆ, ಬಡ ಹುಡುಗಿಯರಿಗೆ ಏಣಿ, ಅಂತ. ಅದು ಪೂರ್ತಿ ಸುಳ್ಳೂ ಅಲ್ಲ. ಬೆಜ್ಮಿಆಲೆಮ್ ಅನ್ನುವವಳು ಗುಲಾಮಳಾಗಿ ಬಂದು, ಮಗ ಅಬ್ದುಲ್ ಮಜೀದ್ ಸುಲ್ತಾನನಾದಾಗ ರಾಜಮಾತೆಯಾದಳು. 1840ರ ದಶಕದಲ್ಲಿ ಅವಳು ಇಸ್ತಾಂಬುಲಿನಲ್ಲಿ ಬಡವರಿಗಾಗಿ ಕಟ್ಟಿಸಿದ ಆಸ್ಪತ್ರೆಯಿಂದ ಬೆಳೆದ ವಿಶ್ವವಿದ್ಯಾಲಯಕ್ಕೆ ಈಗಲೂ ಅವಳದೇ ಹೆಸರು. ಮೇಲೇರದವರಿಗೂ ಒಂದು ದಾರಿ ಇತ್ತು: ಸುಮಾರು ಒಂಬತ್ತು ವರ್ಷ ಸೇವೆ ಮಾಡಿದವಳು ಬಿಡುಗಡೆ ಕೇಳಬಹುದಿತ್ತು, ಅರಮನೆಯೇ ಬೇಕಾದ್ದು ಕೊಟ್ಟು ಮದುವೆ ಮಾಡಿಸುತ್ತಿತ್ತು.

ಆದರೆ ಏಣಿಯ ಮಾತು ಬಂದಾಗ ನಾವು ಮೇಲೆ ಮುಟ್ಟಿದವರನ್ನಷ್ಟೇ ಎಣಿಸ್ತೀವಿ. ಕೆಳಗಿನ ಮೆಟ್ಟಿಲಲ್ಲೇ ತಲೆ ನರೆತವರ ಹೆಸರು ಯಾವ ಆಸ್ಪತ್ರೆಗೂ ಇಟ್ಟಿಲ್ಲ. ಇನ್ನೊಂದು ಮಾತು. ನಾನು ಕೆಲಸಕ್ಕೆ ಸೇರುವಾಗ ಆಫರ್ ಲೆಟರಿಗೆ ಸಹಿ ಹಾಕಿದ್ದು ನಾನು. ಬಿಡಬೇಕು ಅನ್ನಿಸಿದರೆ ನೋಟಿಸ್ ಪೀರಿಯಡ್ ಎಷ್ಟು ಅಂತ ಅದರಲ್ಲೇ ಬರೆದಿರುತ್ತೆ. ನಾವು ನಮ್ಮ ಕೆಲಸವನ್ನು ತಮಾಷೆಗೆ ಗುಲಾಮಗಿರಿ ಅಂತೀವಿ. ಸೇರುವಾಗ ಸಹಿಯೇ ಬೇಡದ, ಬಿಡಬೇಕೆಂದರೆ ಒಂಬತ್ತು ವರ್ಷ ಕಾಯಬೇಕಾದ ಕಡೆ ಆ ಪದ ತಮಾಷೆಯಾಗಿ ಉಳಿಯುವುದಿಲ್ಲ.

ಅಲ್ಲಿನ ಇನ್ನೊಂದು ವಿಚಿತ್ರ ಕೇಳಿ. ಸುಲ್ತಾನನಿಗೆ ಮಕ್ಕಳನ್ನು ಹೆತ್ತರೂ ಈ ಹೆಣ್ಣು ರಾಜವಂಶದವಳಾಗುತ್ತಿರಲಿಲ್ಲ. ವಂಶ ಅನ್ನುವುದು ರಕ್ತದ ಲೆಕ್ಕ. 1887ರಲ್ಲಿ ಮುಶ್ಫಿಕಾಗೆ ಮಗಳು ಹುಟ್ಟಿದಳು. ಆ ಮಗು ಹುಟ್ಟುತ್ತಲೇ ‘ಆಯ್ಶೆ ಸುಲ್ತಾನ್’. ಹೆತ್ತವಳು ಪತ್ನಿ ಮಾತ್ರ. ಅರಮನೆಯ ಶಿಷ್ಟಾಚಾರದಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಕೂಸು ತೂಗುತ್ತಿದ್ದ ತಾಯಿಗಿಂತ ಮೇಲಿನ ದರ್ಜೆಯದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

*

1909ರ ಏಪ್ರಿಲ್ 27ರಂದು ಅಬ್ದುಲ್ ಹಮೀದನನ್ನು ಪಟ್ಟದಿಂದ ಇಳಿಸಿದರು. ಮೂವತ್ಮೂರು ವರ್ಷ ಆಳಿದವನನ್ನು ಅದೇ ರಾತ್ರಿ ರೈಲು ಹತ್ತಿಸಿ ಸಲೋನಿಕಾಗೆ, ಅಂದರೆ ಇವತ್ತಿನ ಗ್ರೀಸಿನ ಥೆಸಲೋನಿಕಿಗೆ, ಕಳಿಸಿದರು. ಅಲ್ಲಿ ವಿಲ್ಲಾ ಅಲ್ಲಾತಿನಿ ಎಂಬ ಬಂಗಲೆಯಲ್ಲಿ ಸುತ್ತ ಕಾವಲು. ಜೊತೆಗೆ ಕೆಲವು ಪತ್ನಿಯರು, ಮಕ್ಕಳು, ಆಳುಕಾಳು. ಮುಶ್ಫಿಕಾ, ಆಯ್ಶೆ ಇಬ್ಬರೂ ಹೋದರು. ಸ್ವಲ್ಪ ಕಾಲದ ಮೇಲೆ ಹೆಣ್ಣುಮಕ್ಕಳು ಇಸ್ತಾಂಬುಲಿಗೆ ಮರಳಿದರು. ಪತ್ನಿಯರಲ್ಲೂ ಕೆಲವರು ಮರಳಿದರು. ಮುಶ್ಫಿಕಾ ಮಗಳನ್ನು ಕಳಿಸಿ ತಾನು ಉಳಿದಳು. 1912ರಲ್ಲಿ ಬಾಲ್ಕನ್ ಯುದ್ಧ ಶುರುವಾದಾಗ ಅವನನ್ನು ಜರ್ಮನ್ ಹಡಗೊಂದರಲ್ಲಿ ಇಸ್ತಾಂಬುಲಿಗೆ ತಂದು ಬೆಯ್ಲೆರ್ಬೆಯಿ ಅರಮನೆಯಲ್ಲಿ ಇಟ್ಟರು. ಅರಮನೆಯೇ ಆದರೂ ಅದೂ ಸೆರೆಯೇ. 1918ರ ಫೆಬ್ರವರಿಯಲ್ಲಿ ಅವನು ಸಾಯುವ ತನಕ ಅವಳು ಜೊತೆಗಿದ್ದಳು. ಒಂಬತ್ತು ವರ್ಷ ಸೇವೆ ಮಾಡಿದರೆ ಬಿಡುಗಡೆ ಅನ್ನುವ ಪದ್ಧತಿ ಹೇಳಿದೆನಲ್ಲ? ಬೇರೆಯವರು ವಾಪಸು ಹೋದ ದಾರಿ ಕಣ್ಣೆದುರಿಗಿದ್ದಾಗ ಇವಳು ಒಟ್ಟು ಒಂಬತ್ತು ವರ್ಷ ಸೆರೆಯಲ್ಲಿ ಕಳೆದಳು.

ಅತ್ತ ಇಸ್ತಾಂಬುಲಿನಲ್ಲಿ ಉಳಿದ ಜನಾನಾದ ಕ್ಥೆ ಬೇರೆ. ಹೊಸ ಸರ್ಕಾರಕ್ಕೆ ಈ ಹೆಂಗಸರನ್ನು ಏನು ಮಾಡುವುದು ಅಂತ ತಿಳಿಯಲಿಲ್ಲ. ಸರ್ಕೇಶಿಯನ್ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಿದರು: ನಿಮ್ಮ ಮನೆಯ ಹೆಣ್ಣುಮಕ್ಕಳು ಇದ್ದರೆ ಬಂದು ಕರಕೊಂಡು ಹೋಗಿ. ಹಳ್ಳಿಗಳಿಂದ ಅಪ್ಪ ಅಣ್ಣಂದಿರು ತಮ್ಮ ಒರಟು ಬಟ್ಟೆಯಲ್ಲೇ ಟಾಪ್ಕಾಪಿ ಅರಮನೆಗೆ ಬಂದರು. ಗುರುತು ಸಿಗಲಿ ಅಂತ ಹೆಂಗಸರ ಮುಸುಕು ತೆಗೆಸಿದರು. ಎಂದೋ ಮಗುವಾಗಿದ್ದಾಗ ಕಳಿಸಿದ ತಂಗಿಯನ್ನು ಈ ಸೊಗಸಾದ ಪಟ್ಟಣದ ಹೆಂಗಸರ ನಡುವೆ ಹುಡುಕಬೇಕು. ಫ್ರಾನ್ಸಿಸ್ ಮೆಕಲ್ಲಾ ಎಂಬ ಐರಿಷ್ ಪತ್ರಕರ್ತ ಮರುವರ್ಷ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಕೆಲವರು ತಬ್ಬಿಕೊಂಡು ಅತ್ತರು, ತಮ್ಮವರ ಜೊತೆ ಹೊರಟರು. ಕೆಲವರನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅವರು ಮತ್ತೆ ಒಳಗೆ ಹೋದರು.

ಈ ಕೊನೆಯವರು ನನ್ನನ್ನು ಬಹಳ ಕಾಡ್ತಾರೆ. ಬಾಗಿಲು ತೆರೆದಿತ್ತು, ನಿಜ. ಹೋಗಬೇಡ ಅನ್ನುವವರು ಯಾರೂ ಇರಲಿಲ್ಲ. ಆದರೆ ತೆರೆದ ಬಾಗಿಲಿನಾಚೆ ಒಬ್ಬರಾದರೂ ನಿಂತಿರಬೇಕು, ಒಂದು ಮನೆಯಾದರೂ ಇರಬೇಕು. ಇಲ್ಲದಿದ್ದರೆ ಅದು ಬರೀ ಗಾಳಿ ಬರುವ ಕಂಡಿ. ‘ಬೇಡವಾಗಿದ್ದರೆ ಬಿಟ್ಟು ಹೋಗಬಹುದಿತ್ತಲ್ಲ’ ಅಂತ ನಾವು ಎಷ್ಟು ಸಲೀಸಾಗಿ ಅಂದುಬಿಡ್ತೀವಿ. ಎಲ್ಲಿಗೆ ಅಂತ ಕೇಳುವುದೇ ಇಲ್ಲ.

ಇಲ್ಲಿ ಇನ್ನೊಂದು ಅರಮನೆಯ ವಿಷಯ ಹೇಳದಿದ್ದರೆ ಅಬ್ದುಲ್ ಹಮೀದನ ಮೇಲೆ ಕನಿಕರ ಜಾಸ್ತಿಯಾಗುವ ಅಪಾಯವಿದೆ. ಅವನಿಗಿಂತ ಮೊದಲು ಪಟ್ಟಕ್ಕೆ ಬಂದವನು ಅವನ ಅಣ್ಣ ಐದನೇ ಮುರಾದ್. 1876ರಲ್ಲಿ ಆಳಿದ್ದು 93 ದಿನ. ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಇಳಿಸಿದರು. ತಮ್ಮ ಪಟ್ಟವೇರಿ ಅಣ್ಣನನ್ನು ಚಿರಾಗಾನ್ ಅರಮನೆಯಲ್ಲಿ ಕೂಡಿಹಾಕಿದ, ಅವನ ಜೊತೆ ಅವನ ಹೆಂಗಸರನ್ನೂ. 1904ರಲ್ಲಿ ಮುರಾದ್ ಸಾಯುವ ತನಕ, 28 ವರ್ಷ. ಅವರಲ್ಲೊಬ್ಬಳು ಫಿಲಿಜ್ತೆನ್. ಮುಪ್ಪಿನಲ್ಲಿ ಅವಳು ಹೇಳಿಕೊಂಡ ನೆನಪುಗಳಿಂದಾಗಿ ಆ ಗೋಡೆಗಳ ಒಳಗೆ ಏನು ನಡೆಯುತ್ತಿತ್ತು ಅಂತ ಇವತ್ತು ಸ್ವಲ್ಪವಾದರೂ ಗೊತ್ತು. ಅಲ್ಲಿನ ಬೀಗದ ಕೈ ಇದ್ದದ್ದು ಅಬ್ದುಲ್ ಹಮೀದನ ಹತ್ತಿರ. ಮುಶ್ಫಿಕಾ ಯಾರ ಸೆರೆಯನ್ನು ಹಂಚಿಕೊಂಡಳೋ ಅವನು ಇನ್ನೊಬ್ಬರ ಹೆಂಗಸರನ್ನು 28 ವರ್ಷ ಸೆರೆಯಲ್ಲಿಟ್ಟವನು.

ಈಗ ಮೂರೂ ಗುಂಪನ್ನು ಪಕ್ಕಪಕ್ಕ ಇಟ್ಟು ನೋಡಿ. ಚಿರಾಗಾನಿನ ಹೆಂಗಸರು ಉಳಿದರು, ಬೀಗ ಹಾಕಿತ್ತು. ಟಾಪ್ಕಾಪಿಯಲ್ಲಿ ಕೆಲವರು ಉಳಿದರು, ಬೀಗ ಇರಲಿಲ್ಲ, ಹೊರಗೆ ಯಾರೂ ಇರಲಿಲ್ಲ. ಮುಶ್ಫಿಕಾ ಉಳಿದಳು, ಬೀಗವೂ ಇರಲಿಲ್ಲ, ಹೊರಗೆ ಮಗಳೂ ಇದ್ದಳು. ದೂರದಿಂದ ನೋಡಿದರೆ ಮೂವರೂ ಮಾಡಿದ್ದು ಒಂದೇ, ಉಳಿದದ್ದು. ಅದಕ್ಕೇ ನನಗೆ ಮುಶ್ಫಿಕಾಳ ಉಳಿಯುವಿಕೆಯನ್ನು ಆಯ್ಕೆ ಅಂತ ಕರೆಯಬೇಕು ಅನ್ನಿಸುತ್ತೆ. ಬದುಕಿಗೆ ಒಳಗೆ ಬರುವಾಗ ಸಿಗದ ಆಯ್ಕೆ ಅವಳಿಗೆ ನಡುವಯಸ್ಸಿನಲ್ಲಿ, ಎಲ್ಲ ಕಳೆದುಹೋದ ಒಂದು ಹೊತ್ತಿನಲ್ಲಿ ಸಿಕ್ಕಿತು. ಅದನ್ನು ಅವಳು ಬಳಸಿಕೊಂಡಳು.

*

ಇದಕ್ಕೆ ಒಂದು ಗಟ್ಟಿಯಾದ ತಕರಾರು ಇದೆ. ಅಮರ್ತ್ಯ ಸೇನ್ ಇದನ್ನು ಬೇರೆ ಬೇರೆ ಕಡೆ ಎತ್ತಿದ್ದಾರೆ. ತೀರಾ ಇಕ್ಕಟ್ಟಿನಲ್ಲಿ ಬದುಕುವವರು ತಮ್ಮ ಆಸೆಯನ್ನೇ ಆ ಇಕ್ಕಟ್ಟಿನ ಅಳತೆಗೆ ಕತ್ತರಿಸಿಕೊಂಡುಬಿಡ್ತಾರೆ. ಸಿಗದಿದ್ದನ್ನು ಬಯಸಿ ಬಯಸಿ ಸಾಯುವುದಕ್ಕಿಂತ ಸಿಕ್ಕಿದ್ದರಲ್ಲಿ ಸುಖಪಡುವುದು ವಾಸಿ. ಹಾಗಾಗಿ ‘ನೀನು ಸುಖವಾಗಿದ್ದೀಯಾ?’ ಅಂತ ಕೇಳಿ, ‘ಹೌದು’ ಅಂದರೆ ಎಲ್ಲ ಸರಿಯಿದೆ ಅಂತ ಬರೆದುಕೊಂಡು ಬರುವ ಹಾಗಿಲ್ಲ. ಎಳೆವಯಸ್ಸಿನಿಂದ ಒಬ್ಬ ಗಂಡಸನ್ನು ಮೆಚ್ಚಿಸುವುದೇ ಬದುಕು ಅಂತ ಕಲಿಸಿದವಳು, ಅವನನ್ನು ಬಿಟ್ಟು ಹೋಗದಿದ್ದರೆ ಅದರಲ್ಲಿ ಆಯ್ಕೆ ಎಷ್ಟು, ಅಭ್ಯಾಸ ಎಷ್ಟು?

ಒಳ್ಳೆಯ ಪ್ರಶ್ನೆಯೇ. ಆದರೆ ಇದನ್ನು ಕೊನೆತನಕ ಎಳೆದುಕೊಂಡು ಹೋದರೆ ಆಗುವುದೇನು? ಮುಶ್ಫಿಕಾ ಮಾಡಿದ್ದು ಯಾವುದೂ ಅವಳದ್ದಲ್ಲ ಅನ್ನಬೇಕಾಗುತ್ತದೆ. ಪ್ರೀತಿಸಿದರೆ ಅದು ತರಬೇತಿ, ಉಳಿದರೆ ಅದು ಅಭ್ಯಾಸ, ಅತ್ತರೆ ಅದು ದಾಸ್ಯ. ಹುಡುಗಿಯಾಗಿದ್ದಾಗ ಅವಳ ಹೆಸರು ಕಿತ್ತುಕೊಂಡರು. ಸತ್ತು ಅರವತ್ತು ವರ್ಷವಾದ ಮೇಲೆ, ಓದಿಕೊಂಡ ನಾವು, ಅವಳ ಮನಸ್ಸನ್ನೂ ಕಿತ್ತುಕೊಂಡ ಹಾಗಾಯ್ತು.

ಇತ್ತೀಚೆಗೆ ನಮ್ಮ ಕಡೆ ಸ್ಟೋಯಿಕ್ ತತ್ವದ ಪುಸ್ತಕ, ಪಾಡ್‌ಕಾಸ್ಟುಗಳಿಗೆ ಒಳ್ಳೆ ಗಿರಾಕಿ ಇದೆ. ಅಪ್ರೈಸಲ್ ಕೆಟ್ಟರೆ ಎಪಿಕ್ಟೆಟಸ್, ಲೇಆಫ್ ಸುದ್ದಿ ಬಂದರೆ ಮಾರ್ಕಸ್ ಔರೇಲಿಯಸ್. ಈ ಎಪಿಕ್ಟೆಟಸ್ ಹುಟ್ಟಿದ್ದು ಹಿಯರಾಪೊಲಿಸ್ ಎಂಬ ಊರಲ್ಲಿ. ಅದರ ಪಾಳುಗಳು ಈಗ ಟರ್ಕಿಯ ಪಮುಕ್ಕಲೆಯಲ್ಲಿವೆ. ಅವನೂ ಗುಲಾಮನೇ, ಆಮೇಲೆ ಬಿಡುಗಡೆ ಪಡೆದವನು. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಅನ್ನುವುದನ್ನು ಬೇರ್ಪಡಿಸಿಕೊಂಡವನು ಸಂಕೋಲೆಯಲ್ಲೂ ಸ್ವತಂತ್ರ ಅನ್ನುವುದು ಅವನ ಬೋಧನೆಯ ಸಾರ. ಗುಲಾಮನಾಗಿದ್ದವನೊಬ್ಬ ಹೀಗೆ ಹೇಳಿದರೆ ಅದು ದೊಡ್ಡ ಮಾತು, ಎದ್ದು ನಿಂತು ಕೇಳಬೇಕಾದ್ದು. ಇದೇ ಮಾತನ್ನು ಅವನ ಒಡೆಯ ಅಂದಿದ್ದರೆ? ‘ನಿನ್ನ ಮನಸ್ಸು ಹೇಗೂ ಸ್ವತಂತ್ರವಾಗಿದೆಯಪ್ಪಾ, ಕಾಲಿಗೆ ಸರಪಳಿ ಇದ್ದರೇನಂತೆ?’ ಅಕ್ಷರ ಬದಲಾಗಿಲ್ಲ, ಬಾಯಿ ಬದಲಾಗಿದೆ ಅಷ್ಟೇ, ಮಾತು ಕೊಳೆತು ನಾರುತ್ತದೆ.

ಪಾಲಿಗೆ ಬಂದದ್ದು ಪಂಚಾಮೃತ ಅನ್ನುವ ಗಾದೆಯೂ ಹಾಗೇ. ಎಲೆಯ ಮುಂದೆ ಕೂತವಳು ಹೇಳಿದರೆ ಅದು ಅವಳ ಗೆಲುವು. ಬಡಿಸಿದವರು ಹೇಳಿದರೆ ಅದು ಮೋಸ. ಮಾತು ನಿಜವೋ ಸುಳ್ಳೋ ಅನ್ನುವುದರಷ್ಟೇ ಮುಖ್ಯ, ಅದು ಯಾರ ಬಾಯಿಂದ ಯಾರ ಲಾಭಕ್ಕೆ ಬರ್ತಿದೆ ಅನ್ನುವುದು.

ಮುಶ್ಫಿಕಾಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅವಳನ್ನು ನಾವು ನೋಡುವುದು ಹೆಚ್ಚಾಗಿ ಮಗಳ ಕಣ್ಣಿನಿಂದ. ಆಯ್ಶೆ ಬರೆದ ‘ನನ್ನ ತಂದೆ ಸುಲ್ತಾನ್ ಅಬ್ದುಲ್ ಹಮೀದ್’ ಎಂಬ ನೆನಪಿನ ಪುಸ್ತಕ 1960ರಲ್ಲಿ ಬಂತು. ಹೆಸರೇ ಹೇಳುವಂತೆ ಅದು ಅಪ್ಪನ ಪುಸ್ತಕ, ಪ್ರೀತಿಯಿಂದ ಬರೆದದ್ದು. ಮಗಳಿಗೆ ಅಪ್ಪ ಅಮ್ಮನ ದಾಂಪತ್ಯ ಹೇಗೆ ಕಂಡಿತ್ತೋ ಹಾಗೆ ನಮಗೂ ಕಾಣುತ್ತದೆ. ಎಲೆಯ ಮುಂದೆ ಕೂತವಳ ಮಾತು ಅಂತ ನಾವು ಅಂದುಕೊಂಡಿರುವುದು ಅವಳ ಪಕ್ಕದಲ್ಲಿ ಕೂತಿದ್ದವಳ ಮಾತು.

*

ಈಗ ಆ ತೊಟ್ಟಿಲಿನ ವಿಷಯಕ್ಕೆ ಬರೋಣ. 1924ರ ಮಾರ್ಚ್ 3ರಂದು ಟರ್ಕಿಯ ಸಂಸತ್ತು ಖಲೀಫನ ಪದವಿಯನ್ನು ರದ್ದು ಮಾಡಿ, ರಾಜವಂಶದ ಗಂಡಸರು ಹೆಂಗಸರೆಲ್ಲರೂ ಕೆಲವೇ ದಿನಗಳಲ್ಲಿ ದೇಶ ಬಿಡಬೇಕು ಅಂತ ಕಾನೂನು ಮಾಡಿತು. ಅಳಿಯಂದಿರಿಗೂ ಅದು ಅನ್ವಯಿಸಿತು. ಆಯ್ಶೆ ವಂಶದ ರಕ್ತ, ಹೋಗಲೇಬೇಕು. ಮುಶ್ಫಿಕಾ? ಅವಳು ವಂಶದವಳೇ ಅಲ್ಲವಲ್ಲ! ತೀರಿಕೊಂಡ ಸುಲ್ತಾನನ ಹೆಂಡತಿ ರಕ್ತದ ಲೆಕ್ಕಕ್ಕೆ ಬರುವುದಿಲ್ಲ. ಮೂವತ್ತೇಳು ವರ್ಷ ಹಿಂದೆ ಮಗಳಿಗಿಂತ ಕೆಳಗೆ ಕೂರಿಸಿದ ನಿಯಮವೇ ಈಗ ಅವಳನ್ನು ಗಡಿಪಾರಿನಿಂದ ಉಳಿಸಿತು. ಮಗಳು ಹೋದಳು, ಫ್ರಾನ್ಸಿನಲ್ಲಿ ನೆಲೆ ನಿಂತಳು. ತಾಯಿ ಇಸ್ತಾಂಬುಲಿನ ಸೆರೆಂಜೆಬೆಯ್ ಬೀದಿಯ ಮನೆಯಲ್ಲಿ ಉಳಿದಳು. ರಾಜವಂಶದ ಹೆಂಗಸರು ಮರಳಬಹುದು ಅಂತ ಕಾನೂನು ಬದಲಾದದ್ದು 1952ರಲ್ಲಿ. ಮತ್ತೆ 28 ವರ್ಷ. ಆಯ್ಶೆ ವಾಪಸು ಬಂದಾಗ ಅವಳಿಗೇ ಅರವತ್ತು ದಾಟಿತ್ತು. 1960ರಲ್ಲಿ ಆಯ್ಶೆ ತೀರಿಕೊಂಡಳು, ಮರುವರ್ಷ ಮುಶ್ಫಿಕಾ.

ಹಾಗಾದರೆ ರಾಜರಕ್ತದವರಿಗೆ ಆಯ್ಕೆ ಇತ್ತಾ? ಇದಕ್ಕೆ ಉತ್ತರ ನಮ್ಮ ಕರ್ನಾಟಕದ ಹತ್ತಿರಕ್ಕೇ ಬರುತ್ತದೆ. 1924ರಲ್ಲಿ ಗಡಿಪಾರಾದ ಕೊನೆಯ ಖಲೀಫ ಎರಡನೇ ಅಬ್ದುಲ್ ಮಜೀದನ ಪತ್ನಿ ಮೆಹಿಸ್ತಿ, ಗಂಡ ಮಗಳ ಜೊತೆ ತಾನೂ ಹೊರಟಳು. ಫ್ರಾನ್ಸಿನ ನೀಸ್ ನಗರದಲ್ಲಿ ನೆಲೆಸಿದ ಆ ಕುಟುಂಬಕ್ಕೆ ಆಸರೆಯಾದದ್ದು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಳಿಸುತ್ತಿದ್ದ ಮಾಸಾಶನ. ಇವತ್ತಿನ ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮನ ಸೀಮೆ. ಆ ಖಜಾನೆಯಲ್ಲಿ ನಮ್ಮ ಜೋಳದ ಹೊಲಗಳ ಕಂದಾಯವೂ ಇತ್ತು. 1931ರ ನವೆಂಬರಿನಲ್ಲಿ ಖಲೀಫನ ಮಗಳು ದುರ್ರು ಶೆಹವಾರಳನ್ನು ನಿಜಾಮನ ಹಿರಿಮಗ ಆಜಂ ಜಾಹನಿಗೆ ಕೊಟ್ಟು ನೀಸ್‌ನಲ್ಲೇ ಮದುವೆ ಮಾಡಿದರು. ಹುಡುಗಿಗೆ ಹದಿನೇಳು. ಒಂದು ಕಡೆ ಪದವಿ ಕಳೆದುಕೊಂಡ ಖಲೀಫ, ಇನ್ನೊಂದು ಕಡೆ ದುಡ್ಡಿದ್ದ ನಿಜಾಮ. ಜನಾನಾದ ಹುಡುಗಿಯನ್ನು ಕಾಕಸಸಿನಿಂದ ಇಸ್ತಾಂಬುಲಿಗೆ ಕಳಿಸಿದ ಲೆಕ್ಕಾಚಾರಕ್ಕೂ, ರಾಜಕುಮಾರಿಯನ್ನು ನೀಸ್‌ನಿಂದ ಹೈದರಾಬಾದಿಗೆ ಕಳಿಸಿದ ಲೆಕ್ಕಾಚಾರಕ್ಕೂ ಇರುವ ದೂರ ನಾವು ಅಂದುಕೊಂಡಷ್ಟಿಲ್ಲ. ಆದರೂ ಸಿಕ್ಕಿದ ಬದುಕಿನಲ್ಲಿ ಅವಳು ಸುಮ್ಮನೆ ಕೂರಲಿಲ್ಲ. ಹೈದರಾಬಾದಿನ ಹಳೇ ಊರಿನಲ್ಲಿ ಅವಳ ಹೆಸರಿನ ಮಕ್ಕಳ ಆಸ್ಪತ್ರೆ ಇಂದಿಗೂ ಇದೆ. ಆ ಆಸ್ಪತ್ರೆಯ ಶ್ರೇಯ ಅವಳದ್ದು. ಆ ಸಂಬಂಧ ಕುದುರಿಸಿದವರು ಅದನ್ನು ತೋರಿಸಿ ಬೀಗುವ ಹಾಗಿಲ್ಲ.

*

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಗಂಟು ಇಸ್ತಾಂಬುಲಿನಲ್ಲಿ ಮಾತ್ರ ಬಿದ್ದಿರುವುದಲ್ಲ. ಆಫೀಸಿನ ಊಟದ ಟೇಬಲ್ಲಿನಲ್ಲಿ ಮದುವೆಯ ಮಾತು ಬಂದಾಗಲೆಲ್ಲ ಯಾರೋ ಒಬ್ಬರು ಹೇಳೇ ಹೇಳ್ತಾರೆ: ‘ನಮ್ಮಜ್ಜಿಗೆ ಹದಿಮೂರಕ್ಕೇ ಮದುವೆ. ತಾತನ ಮುಖಾನೂ ನೋಡಿರಲಿಲ್ಲ. ಅರವತ್ತು ವರ್ಷ ಎಷ್ಟು ಚೆನ್ನಾಗಿ ಸಂಸಾರ ಮಾಡಿದ್ರು ಗೊತ್ತಾ?’ ತಕ್ಷಣ ಎದುರಿನವರು: ‘ಪಾಪ, ಅವರಿಗೆ ಬೇರೆ ಗತಿ ಏನಿತ್ತು?’ ಮೊದಲನೆಯವರು ಅಜ್ಜಿಯ ಪ್ರೀತಿಯನ್ನು ತೆಗೆದುಕೊಂಡು ಬಾಲ್ಯವಿವಾಹದ ಖಾತೆಗೆ ಜಮಾ ಮಾಡಿದರು. ಎರಡನೆಯವರು ಆ ಪ್ರೀತಿಯನ್ನೇ ವಜಾ ಮಾಡಿದರು. ಇಬ್ಬರ ಲೆಕ್ಕದಲ್ಲೂ ಅಜ್ಜಿಯ ಖಾತೆಯಲ್ಲಿ ಸೊನ್ನೆ.

ನನಗೆ ಹೊಳೆಯುವುದು ಇಷ್ಟೇ. ಅವಳ ಪ್ರೀತಿ ಎಷ್ಟು ನಿಜ ಅಂತ ತೂಗುವ ಕೆಲಸ ನಮ್ಮದಲ್ಲ. ತೂಗಲು ನಮ್ಮ ಹತ್ತಿರ ತಕ್ಕಡಿಯೂ ಇಲ್ಲ. ಅದರಿಂದ ಏನನ್ನು ಸಾಬೀತು ಮಾಡಬಹುದು ಅನ್ನುವುದು ಮಾತ್ರ ನಮ್ಮ ಪ್ರಶ್ನೆ. ಮುಶ್ಫಿಕಾಳ ಒಂಬತ್ತು ವರ್ಷದಿಂದ ಜನಾನಾ ಒಳ್ಳೆಯದಿತ್ತು ಅಂತ ಸಾಬೀತಾಗುವುದಿಲ್ಲ, ಮುಶ್ಫಿಕಾ ಗಟ್ಟಿ ಹೆಂಗಸು ಅಂತಷ್ಟೇ ಆಗುತ್ತದೆ. ಬರಡು ನೆಲದಲ್ಲಿ ಬೆಳೆ ತೆಗೆದರೆ ಶಹಬ್ಬಾಸ್ ಅನ್ನಬೇಕಾದ್ದು ರೈತನಿಗೆ. ಅದನ್ನು ನೋಡಿ ನೆಲ ಫಲವತ್ತಾಗಿತ್ತು ಅಂತ ಬರೆದುಕೊಂಡು, ಮುಂದಿನವನಿಗೂ ಅದೇ ನೆಲ ಕೊಟ್ಟರೆ ಅದು ಅನ್ಯಾಯ. ಕೊಡುವ ಕೈ ನಮ್ಮದಾದಾಗ, ಮಗಳ ಮದುವೆಯೋ, ತಂಗಿಯ ಓದೋ, ನಮ್ಮ ಕೆಳಗೆ ಕೆಲಸ ಮಾಡುವವರ ಪಾಲೋ, ಆಗ ಪಂಚಾಮೃತದ ಗಾದೆಯನ್ನು ನಾವು ನುಂಗಿಕೊಳ್ಳಬೇಕು. ಅದು ನಮ್ಮ ಬಾಯಿಗೆ ಸಲ್ಲುವ ಗಾದೆಯಲ್ಲ.

ಕೊನೆಗೆ ಒಂದು ಹೆಸರಿನ ವಿಷಯ. 1934ರಲ್ಲಿ ಟರ್ಕಿ ಸರ್ಕಾರ ಪ್ರಜೆಗಳೆಲ್ಲರೂ ಒಂದೊಂದು ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ ಕಾನೂನು ಮಾಡಿತು. ಮುಶ್ಫಿಕಾ ಇಟ್ಟುಕೊಂಡ ಹೆಸರು ‘ಕಾಯಿಸೊಯ್’. ಒಟ್ಟೊಮನ್ ಸುಲ್ತಾನರು ತಾವು ಹುಟ್ಟಿಬಂದದ್ದು ಅಂತ ಹೇಳಿಕೊಳ್ಳುತ್ತಿದ್ದ ಬುಡಕಟ್ಟಿನ ಹೆಸರು ಕಾಯಿ. ಸೊಯ್ ಅಂದರೆ ವಂಶ. ಅರಮನೆ ಇವಳನ್ನು ವಂಶದವಳಲ್ಲ ಅಂದಿತ್ತು, ಗಣರಾಜ್ಯದ ಕಾನೂನೂ ಅಲ್ಲ ಅಂದಿತ್ತು. ಹೆಸರು ನೀನೇ ಹೇಳು ಅಂತ ಕೇಳಿದಾಗ ಅವಳು ಹೇಳಿದ್ದು ಇದು. ಹಕ್ಕು ಸಾಧಿಸಿದಳೋ, ಗಂಡನನ್ನು ನೆನೆದಳೋ, ದೂರದೇಶದಲ್ಲಿದ್ದ ಮಗಳ ಜೊತೆ ಒಂದೇ ಹೆಸರಿನಡಿ ಇರಬೇಕು ಅನ್ನಿಸಿತೋ. ಇಸ್ತಾಂಬುಲಿನ ಯಾಹ್ಯಾ ಎಫೆಂದಿ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಅವಳಿಗೆ ಬೇರೆಯವರು ಇಟ್ಟ ಹೆಸರಿನ ಜೊತೆಗೆ ಈ ಹೆಸರೂ ಅವಳದ್ದು.